ಕನ್ನಡ ಪುಟಗಳು ಗೂಗಲ್‌ನಾಗ ಬರ್ತಿಲ್ಲ: 212ರಾಗ ಇಂಡೆಕ್ಸ್ ಆಗಿದ್ದು 38 ಮಾತ್ರ

ಸೇಡಂರಸ್ತೆ (ಕಲಬುರಗಿ)

ಶರಣ್ರಿ ಎಲ್ಲರಿಗೂ.

ನಮ್ಮ ಜಿಲ್ಲೆದ ತೊಗರಿ ರೈತರದೊಂದು ಉತ್ಪಾದಕ ಕಂಪನಿ ಅದ, ಅದರ ವೆಬ್‌ಸೈಟ್ ನಾ ನೋಡ್ಕೋತೀನಿ. ವರ್ಡ್‌ಪ್ರೆಸ್ ಮ್ಯಾಲ ಕಟ್ಟಿದ್ದು, ಬೇಳೆ ಮಾರಲಿಕ್ಕೆ ವೂಕಾಮರ್ಸ್ ಹಾಕೀವಿ. ಶುರುವಾಗಿ ಏಳು ತಿಂಗಳಾಯ್ತು. ಕಂಪನಿ ಹೆಸರು ಹೊಡೆದ್ರ ಮುಖಪುಟ ಬರ್ತದ. "ಕಲಬುರಗಿ ತೊಗರಿ ಬೇಳೆ" ಅಂತ ಹುಡುಕಿದ್ರ ಐದು ಪುಟ ದಾಟಿದ್ರೂ ನಮ್ಮ ಸೈಟಿನ ಸುಳಿವಿಲ್ಲ.

ಸರ್ಚ್ ಕನ್ಸೋಲ್ (ಸೈಟ್ ನಡೆಸೋರಿಗಂತ ಗೂಗಲ್ ಕೊಡೋ ವರದಿ) ತೋರಿಸೋದು ಹಿಂಗದ. ಒಟ್ಟು ಯುಆರ್‌ಎಲ್ 212. ಇಂಡೆಕ್ಸ್ ಆಗಿದ್ದು 38. "ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" 61. "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" 74. "ಡುಪ್ಲಿಕೇಟ್ ವಿಥೌಟ್ ಯೂಸರ್ ಸೆಲೆಕ್ಟೆಡ್ ಕೆನಾನಿಕಲ್" 39.

ಸೈಟ್‌ದಾಗ ಇರೋದು: ಬೇಳೆ, ಹಿಟ್ಟು ಸೇರಿ 9 ಉತ್ಪನ್ನ. ಊರಿನ ಪುಟ 43, ಅಂದ್ರ "ಸೇಡಂನಲ್ಲಿ ತೊಗರಿ ಬೇಳೆ", "ಚಿತ್ತಾಪುರದಲ್ಲಿ ತೊಗರಿ ಬೇಳೆ", ಹಿಂಗ. ರೈತರಿಗೆ ಬರೆದ ಲೇಖನ 31. ಇವು ಮೊದಲು ಕರಪತ್ರಕ್ಕಂತ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದೊಳಗ ಟೈಪ್ ಮಾಡಿದ್ದು, ಹಂಗೇ ಪೇಸ್ಟ್ ಮಾಡಿ ನುಡಿ ಫಾಂಟ್ ಜೋಡಿಸೀವಿ, ಓದಲಿಕ್ಕೆ ಚಂದ ಕಾಣ್ತಾವ. ಇದರ ಮ್ಯಾಲ ಗಂಜ್ (ಕೃಷಿ ಮಾರುಕಟ್ಟೆ) ಧಾರಣೆ, ದಿನಕ್ಕೊಂದು ಪುಟ. ಧಾರಣೆ ಹಲಗೆದ ಫೋಟೋ ಹಾಕ್ತೀವಿ.

500 ಬ್ಯಾಕ್‌ಲಿಂಕ್ (ಬ್ಯಾರೆ ಸೈಟಿನಿಂದ ನಮ್ಮ ಸೈಟಿಗೆ ಲಿಂಕ್) ಹಾಕಿಸಿ 15 ದಿನದಾಗ ಒಂದನೇ ನಂಬರಿಗೆ ತರ್ತೀನಿ ಅಂತ ಒಬ್ಬರು ರೊಕ್ಕ ಕೇಳ್ಯಾರ. ಕೊಡಬೇಕಾ? ಕ್ರಾಲ್, ಇಂಡೆಕ್ಸ್, ರ‍್ಯಾಂಕ್ ಅಂತ ಎಲ್ಲರೂ ಅಂತಾರ. ನಮ್ಮ ಪುಟ ಈ ಮೂರರಾಗ ಎಲ್ಲಿ ಸಿಕ್ಕಿಬಿದ್ದಾವ, ಅದು ತಿಳೀಬೇಕಾಗ್ಯದ.

ಬೀದರ್‌ಕೋಟೆ (ಬೀದರ್)

ರೊಕ್ಕ ಕೊಡಬೇಡಿ. ಒಂದನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ರ‍್ಯಾಂಕ್ ಏರಿಸಲೆಂದು ಕೊಂಡ ಲಿಂಕು ಅವರ ಸ್ಪ್ಯಾಮ್ ನೀತಿಗೆ ವಿರುದ್ಧ. ಅದು ಒತ್ತಟ್ಟಿಗಿರಲಿ, ಇಂಡೆಕ್ಸ್‌ಗೇ ಸೇರದ ಪುಟಕ್ಕೆ ಲಿಂಕ್ ತರುವುದೆಂದರೆ ಬಿತ್ತದ ಹೊಲಕ್ಕೆ ಗೊಬ್ಬರ ಹಾಕಿದಂತೆ.

ಗಂಜ್‌ನ ಅಡತ್ ಅಂಗಡಿಯ ಲೆಕ್ಕ ನೆನಪು ಮಾಡಿಕೊಳ್ಳಿ. ದಿನ ನಡೆದದ್ದೆಲ್ಲ ಬಂದ ಹಾಗೆ ಕಿರ್ದಿಗೆ ಬೀಳುತ್ತದೆ. ಆಮೇಲೆ ಅದನ್ನೇ ಹೆಸರುವಾರು ಖತಾವಣಿಗೆ ಏರಿಸುತ್ತಾರೆ. "ಇಂಥವರ ಬಾಕಿ ಎಷ್ಟು?" ಎಂದು ಕೇಳಿದರೆ ಯಾರೂ ಕಿರ್ದಿಯ ಒಂದೊಂದೇ ಹಾಳೆ ತಿರುವುವುದಿಲ್ಲ, ಖತಾವಣಿಯಲ್ಲಿ ಆ ಹೆಸರಿನ ಪುಟ ತೆಗೆಯುತ್ತಾರೆ. ಕ್ರಾಲ್ ಎಂದರೆ ಕಿರ್ದಿ ಬರೆಯುವುದು: ಗೂಗಲ್‌ಬಾಟ್ ಎಂಬ ಗೂಗಲ್‌ನ ತಂತ್ರಾಂಶ ಒಂದು ಪುಟ ತರುತ್ತದೆ, ಅದರೊಳಗಿನ ಲಿಂಕುಗಳನ್ನು ಸಾಲಿಗೆ ಹಚ್ಚುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಇಂಡೆಕ್ಸ್ ಎಂದರೆ ಖತಾವಣಿ. ಅಲ್ಲಿ ಖಾತೆ ಇರುವುದು ಪುಟಕ್ಕಲ್ಲ, ಶಬ್ದಕ್ಕೆ. "ತೊಗರಿ" ಎಂಬ ಶಬ್ದದ ಖಾತೆಯಲ್ಲಿ ಆ ಶಬ್ದ ಯಾವ ಯಾವ ಪುಟದಲ್ಲಿ, ಎಷ್ಟು ಸಲ, ಶೀರ್ಷಿಕೆಯಲ್ಲೋ ಒಡಲಿನಲ್ಲೋ ಬಂದಿದೆ ಎಂದಿರುತ್ತದೆ. ಯಾರಾದರೂ ಹುಡುಕಿದಾಗ ಆ ಖಾತೆಯಿಂದ ಪುಟಗಳನ್ನು ತೆಗೆದು, ಯಾವುದನ್ನು ಮೇಲಿಡಬೇಕು ಎಂದು ತೂಗುವುದು ರ‍್ಯಾಂಕ್. ನಿಮ್ಮ ಪ್ರಶ್ನೆ ಮೂರನೆಯದರದ್ದು, ರೋಗ ಮೊದಲೆರಡರದ್ದು.

ನೀವೇ ಕೊಟ್ಟ ಅಂಕಿ ಕೂಡಿಸಿ ನೋಡಿ. ಊರಿನ ಪುಟ 43, ಲೇಖನ 31, ಕೂಡಿದರೆ 74. "ಕ್ರಾಲ್ಡ್" ಸಾಲಿನಲ್ಲಿ ಇರುವುದೂ 74. ಆ ಸಾಲಿನ ಮೇಲೆ ಒತ್ತಿ ಯುಆರ್‌ಎಲ್ ಪಟ್ಟಿ ತೆರೆದು ಖಾತ್ರಿ ಮಾಡಿಕೊಳ್ಳಿ. ಇವೇ ಆಗಿದ್ದರೆ ಬಾಟ್ ಬಂದಿದೆ, ಪುಟ ಓದಿದೆ, ಖತಾವಣಿಗೆ ಏರಿಸುವುದು ಬೇಡವೆಂದು ಬಿಟ್ಟಿದೆ. ಎರಡು ಗುಂಪಿಗೂ ಕಾರಣ ಬೇರೆ ಬೇರೆ.

ಲೇಖನಗಳ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ನಮ್ಮ ಭಾಗದಲ್ಲಿ ಬರೆದಿಟ್ಟ ಎಷ್ಟೋ ಒಳ್ಳೆ ಕನ್ನಡ ಇದೇ ರೀತಿ ಕಣ್ಣಿಗೆ ಕಂಡೂ ಯಾರಿಗೂ ಸಿಗದಂತೆ ಬಿದ್ದಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. "ತೊಗರಿ" ಎಂದು ನೀವು ಓದುವ ಜಾಗದಲ್ಲಿ ಫೈಲಿನೊಳಗೆ ಕುಳಿತಿರುವುದು ಆರು ಇಂಗ್ಲಿಷ್ ಜಾತಿಯ ಗುರುತು: ಸಣ್ಣ 'ವಿ', ತಲೆ ಮೇಲೆ ಗೀಟು ಹೊತ್ತ 'ಇ', 'ಎ' ಮತ್ತು 'ಇ' ಅಂಟಿಕೊಂಡ ಒಂದಕ್ಷರ, ದೊಡ್ಡ 'ಯು', ಗೀಟು ಹೊತ್ತ 'ಎ', ಕೊನೆಗೆ ಸಣ್ಣ 'ಜೆ'. ಅವುಗಳ ಮೇಲೆ ನುಡಿ ಫಾಂಟು ಕನ್ನಡದ ಚಿತ್ರ ಬಿಡಿಸುತ್ತದೆ. ಬಾಟ್ ಫಾಂಟಿನ ಚಿತ್ರ ನೋಡಿ ಶಬ್ದ ಕಟ್ಟುವುದಿಲ್ಲ, ಗುರುತುಗಳನ್ನು ಓದುತ್ತದೆ. ಹಾಗಾಗಿ "ತೊಗರಿ" ಖಾತೆಗೆ ನಿಮ್ಮ ಲೇಖನ ಬೀಳುವುದು ಸಾಧ್ಯವೇ ಇಲ್ಲ. ಇನ್ನೊಂದು ಪೆಟ್ಟು: ಪುಟದ ಭಾಷೆ ಯಾವುದೆಂದು ಗೂಗಲ್ ತೀರ್ಮಾನಿಸುವುದು ಕಾಣುವ ಪಠ್ಯದಿಂದ, ಕೋಡ್‌ನಲ್ಲಿ ಬರೆದ ಭಾಷಾಸೂಚನೆಯಿಂದಲ್ಲ. ಅದರ ಪಾಲಿಗೆ ನಿಮ್ಮ 31 ಪುಟಗಳು ಯಾವ ಭಾಷೆಯೂ ಅಲ್ಲದ ಅಕ್ಷರರಾಶಿ.

ಪರೀಕ್ಷೆ ಅರ್ಧ ನಿಮಿಷದ್ದು. ಲೇಖನ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಪ್ರತಿ ಕನ್ನಡ ಗುರುತಿಗೂ ತನ್ನದೇ ಸಂಖ್ಯೆ ಇರುವ ಪದ್ಧತಿ. ಕಲಸುಮೇಲೋಗರ ಬಂದರೆ ಬಾಟ್ ಕಂಡದ್ದೂ ಅದನ್ನೇ.

ಊರಿನ 43 ಪುಟಗಳಲ್ಲಿ ಊರ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಒಂದೇ ಅಲ್ಲವೇ? ಹುಡುಕುವವರನ್ನು ಹಿಡಿದು ಒಂದೇ ಕಡೆ ಕಳಿಸಲು ಕಟ್ಟಿದ ಇಂಥ ಪುಟಗಳಿಗೆ ಡೋರ್‌ವೇ ಪುಟ ಎನ್ನುತ್ತಾರೆ. ಅವೂ ಸ್ಪ್ಯಾಮ್ ನೀತಿಯೊಳಗೆ ಬರುತ್ತವೆ. ಇವನ್ನು ತಿದ್ದುವ ಗೋಜಿಗೆ ಹೋಗಬೇಡಿ. ಯಾವ ಊರಿನಲ್ಲಿ ನಿಜಕ್ಕೂ ನಿಮ್ಮ ಮಾರಾಟ ಕೇಂದ್ರ ಇದೆಯೋ ಅದರ ಪುಟ ಇಟ್ಟುಕೊಂಡು, ವಿಳಾಸ, ತೆರೆಯುವ ಹೊತ್ತು, ಅಲ್ಲಿ ಸಿಗುವ ಚೀಲದ ಅಳತೆ ಬರೆಯಿರಿ. ಉಳಿದದ್ದನ್ನು ಅಳಿಸಿ, 404 ಇಲ್ಲವೇ 410 (ಪುಟ ಇಲ್ಲ ಎಂಬ ಸರ್ವರ್ ಉತ್ತರ) ಬರಲಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404, ಅಂದರೆ ಇಲ್ಲದ ಪುಟಕ್ಕೆ ಸಮ, ಎಂದು ಬರೆದುಕೊಳ್ಳುತ್ತದೆ, ಲಾಭವಿಲ್ಲ.

39 ಡುಪ್ಲಿಕೇಟ್ ಬಗ್ಗೆ ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ. ವರ್ಡ್‌ಪ್ರೆಸ್ ಬಿಡಿ ಪುಟಕ್ಕೆ ಕೆನಾನಿಕಲ್ (ಒಂದೇ ಒಡಲಿನ ಹಲವು ವಿಳಾಸಗಳಲ್ಲಿ ಮೂಲ ಯಾವುದೆಂದು ಹೇಳುವ ಟ್ಯಾಗ್) ತಾನೇ ಹಾಕುತ್ತದೆ, ಪಟ್ಟಿ ಪುಟಗಳಿಗೆ ಹಾಕುವುದಿಲ್ಲ. ಅಂಗಡಿ ಪುಟವನ್ನು "ಕಡಿಮೆ ಬೆಲೆ ಮೊದಲು", "ಹೊಸದು ಮೊದಲು" ಎಂದು ವಿಂಗಡಿಸಿದಾಗ ಹುಟ್ಟುವ ಯುಆರ್‌ಎಲ್‌ಗಳೇ ಇವಾಗಿರಬೇಕು. ಒಂದು ಎಸ್‌ಇಒ ಪ್ಲಗಿನ್ ಹಾಕಿದರೆ ಪಟ್ಟಿಗೂ ಕೆನಾನಿಕಲ್ ಬೀಳುತ್ತದೆ, ಅಷ್ಟೇ.

ಭೀಮಾತೀರ (ಯಾದಗಿರಿ)

ಮ್ಯಾಲಿನವರು ಹೇಳಿದ್ದಕ್ಕ ಕೂಡಿಸ್ತೀನಿ. 61 ಪುಟದ ಕಥಿ ಬ್ಯಾರೆ. "ಡಿಸ್ಕವರ್ಡ್" ಅಂದ್ರ ಗೂಗಲ್‌ಗೆ ಯುಆರ್‌ಎಲ್ ಗೊತ್ತದ, ಇನ್ನ ಬಂದು ಓದಿಲ್ಲ. ಅವು ದಿನದ ಧಾರಣೆ ಪುಟಗಳೇ ಇರಬೇಕು, ಪಟ್ಟಿ ತೆಗೆದು ನೋಡ್ರಿ. "ಕ್ರಾಲ್ ಬಜೆಟ್ (ಒಂದು ಸೈಟಿಗೆ ಬಾಟ್ ಕೊಡೋ ಹೊತ್ತು) ಸಾಕಾಗಿಲ್ಲ" ಅಂತ ಯಾರರೇ ಹೇಳಿದ್ರ ನಂಬಬ್ಯಾಡ್ರಿ. ಗೂಗಲ್ ಬರೆದಿರೋ ಪ್ರಕಾರ ಆ ಚಿಂತಿ ಹೆಚ್ಚಾಗಿ 10 ಲಕ್ಷಕ್ಕಿಂತ ಹೆಚ್ಚು ಪುಟ ಇರೋ ಸೈಟಿಗೆ, ಇಲ್ಲಾಂದ್ರ 10,000ಕ್ಕಿಂತ ಹೆಚ್ಚು ಪುಟ ದಿನಾ ಬದಲಾಗೋ ಸೈಟಿಗೆ. 212 ಪುಟ ಏನೂ ಅಲ್ಲ.

ಹಂಗಾರ ಯಾಕ ಬರವಲ್ದು? ಎರಡು ಕಡೆ ನೋಡ್ರಿ.

ಮೊದಲನೇದು ದಾರಿ. ಹಳೆ ಧಾರಣೆ ಪುಟಕ್ಕ ಹೋಗಲಿಕ್ಕೆ ಏನಿಟ್ಟೀರಿ? "ಇನ್ನಷ್ಟು ತೋರಿಸು" ಅನ್ನೋ ಬಟನ್ ಒಂದೇ ಇದ್ರ ಅಲ್ಲೇ ತಪ್ಪಾಗ್ಯದ. ಬಾಟ್ ಬಟನ್ ಒತ್ತಂಗಿಲ್ಲ. ಜಾವಾಸ್ಕ್ರಿಪ್ಟ್ ನಡೆಸ್ತದ ಖರೇ, 2019ರಿಂದ ಹೊಸ ಕ್ರೋಮಿಯಂನಿಂದಲೇ ಪುಟ ಕಟ್ಟಿ ನೋಡ್ತದ, ಆದ್ರ ಕ್ಲಿಕ್ ಮಾಡಲ್ಲ, ಕೆಳಗ ಜಗ್ಗಲ್ಲ. ಅದಕ್ಕ ಬೇಕಾದ್ದು ವಿಳಾಸ ಬರೆದಿರೋ ಖರೇ ಲಿಂಕ್ ಟ್ಯಾಗ್. ಅದಿಲ್ಲಂದ್ರ ಆ ಪುಟಗಳ ವಿಳಾಸ ಬರೀ ಸೈಟ್‌ಮ್ಯಾಪ್‌ನಾಗ (ಸೈಟಿನ ವಿಳಾಸಗಳ ಪಟ್ಟಿ ಫೈಲ್) ಇರ್ತಾವ. ಸೈಟ್‌ನ ಒಂದು ಪುಟದಿಂದಲೂ ದಾರಿ ಇಲ್ಲದ ಪುಟಕ್ಕ ಗೂಗಲ್ ಮಹತ್ವ ಕೊಡಲ್ಲ.

ಎರಡನೇದು ಸರ್ವರ್. ಸರ್ಚ್ ಕನ್ಸೋಲ್‌ದಾಗ ಸೆಟ್ಟಿಂಗ್ಸ್, ಅದರಾಗ ಕ್ರಾಲ್ ಸ್ಟ್ಯಾಟ್ಸ್ ತೆಗೀರಿ. 90 ದಿನದ ಲೆಕ್ಕ ಇರ್ತದ. "ಬೈ ರೆಸ್ಪಾನ್ಸ್" ಅನ್ನೋ ಕಡೆ 200 (ಪುಟ ಸರಿಯಾಗಿ ಕೊಟ್ಟದ್ದು) ಎಷ್ಟು, 429 (ಕೇಳಿದ್ದು ಅತಿಯಾಯ್ತು ಅಂತ ತಡೆದದ್ದು) ಎಷ್ಟು, 5ರಿಂದ ಶುರುವಾಗೋವು (ಸರ್ವರ್ ತಪ್ಪು) ಎಷ್ಟು ನೋಡ್ರಿ. 429, 500, 503 ಕಂಡ್ರ "ಸರ್ವರಿಗೆ ಭಾರ ಆಗ್ಯದ" ಅಂತ ತಿಳ್ಕೊಂಡು ಗೂಗಲ್ ಬರೋದೇ ಕಡಿಮಿ ಮಾಡ್ತದ. 403 (ಒಳಗ ಬರಲಿಕ್ಕೆ ಪರವಾನಗಿ ಇಲ್ಲ) ಆದ್ರ ಇನ್ನ ಕೆಟ್ಟದ್ದು: ಆ ಪುಟ ಇಲ್ಲೇ ಇಲ್ಲ ಅಂತ ಲೆಕ್ಕ ಹಿಡಿದು, ಮೊದಲೇ ಇಂಡೆಕ್ಸ್ ಆಗಿದ್ರ ತೆಗೆದುಬಿಡ್ತದ.

ಇಲ್ಲಿ ನಮ್ಮ ಕಡೆ ಆಗೋ ಒಂದು ಗಡಬಡಿ ಹೇಳ್ತೀನಿ. ಗೂಗಲ್‌ಬಾಟ್ ಹೆಚ್ಚಾಗಿ ಅಮೆರಿಕದ ಐಪಿ ವಿಳಾಸದಿಂದ ಬರ್ತದ. "ನಮ್ಮ ಗಿರಾಕಿ ಎಲ್ಲಾ ಇಲ್ಲೇ ಇದ್ದಾರ" ಅಂತ ಹೋಸ್ಟಿಂಗ್‌ನವರು ಭದ್ರತೆಗೆ ಹೊರದೇಶದ ಐಪಿ ಮುಚ್ಚಿದ್ರ ಅಥವಾ ನಿಮಿಷಕ್ಕ ಇಷ್ಟೇ ಅಂತ ಮಿತಿ ಹಾಕಿದ್ರ, ಕಲಬುರಗಿದಾಗ ಸೈಟ್ ಸರಾಗ ತೆರೀತದ, ಬಾಟ್ ಮಾತ್ರ ಬಾಗಿಲದಾಗ ನಿಂತಿರ್ತದ. ನಿಮ್ಮ ಫೋನ್‌ದಾಗ ತೆರೆದು ನೋಡಿ "ಸರಿ ಅದ" ಅನ್ನೋದು ಸಾಲಲ್ಲ. ಯುಆರ್‌ಎಲ್ ಇನ್‌ಸ್ಪೆಕ್ಷನ್ ಒಳಗ "ಟೆಸ್ಟ್ ಲೈವ್ ಯುಆರ್‌ಎಲ್" ಒತ್ರಿ, ಆಮ್ಯಾಲ "ವ್ಯೂ ಟೆಸ್ಟೆಡ್ ಪೇಜ್". ಬಾಟ್‌ಗೆ ಸಿಕ್ಕ ಎಚ್‌ಟಿಎಂಎಲ್ ಮತ್ತ ಪುಟದ ಚಿತ್ರ ಎರಡೂ ಬರ್ತಾವ.

ರೋಬೋಟ್ಸ್ ಫೈಲ್ (ಬಾಟ್ ಎಲ್ಲಿ ಬರಬಾರದು ಅಂತ ಹೇಳೋ ಫೈಲ್) ಬಗ್ಗೆ: 38 ಪುಟ ಇಂಡೆಕ್ಸ್ ಆಗಿರೋದ್ರಿಂದ ಇಡೀ ಸೈಟ್ ಮುಚ್ಚಿಲ್ಲ ಅನ್ನೋದು ಖಾತ್ರಿ. ಆದ್ರ ಊರಿನ ಪುಟ ತೆಗೆಯೋವಾಗ ಒಂದು ತಪ್ಪು ಮಾಡಬ್ಯಾಡ್ರಿ. ರೋಬೋಟ್ಸ್‌ನಾಗ ಅವನ್ನ ತಡೆದು, ಮತ್ತ ಅದೇ ಪುಟಕ್ಕ ನೋಇಂಡೆಕ್ಸ್ (ಇಂಡೆಕ್ಸ್ ಮಾಡಬ್ಯಾಡ ಅನ್ನೋ ಟ್ಯಾಗ್) ಹಾಕಿದ್ರ ನೋಇಂಡೆಕ್ಸ್ ಕೆಲಸ ಮಾಡಲ್ಲ. ಆ ಟ್ಯಾಗ್ ಓದಬೇಕಂದ್ರ ಬಾಟ್ ಒಳಗ ಬರಬೇಕು, ನೀವು ಬರಗೊಡಲ್ಲ ಅಂತೀರಿ. ರೋಬೋಟ್ಸ್ ಫೈಲ್ ಕ್ರಾಲ್ ತಡೀತದ, ಇಂಡೆಕ್ಸ್ ಅಲ್ಲ. ಬ್ಯಾರೆ ಕಡಿಂದ ಲಿಂಕ್ ಇದ್ರ ಒಳಗಿನ ಮಾತು ಓದದೇನೂ ಬರೀ ವಿಳಾಸ ಇಂಡೆಕ್ಸ್ ಮಾಡಬಹುದು.

ಧಾರಣೆದ ಫೋಟೋ ಬಿಡ್ರಿ. ಕನಿಷ್ಠ, ಗರಿಷ್ಠ, ಮಾದರಿ, ಕ್ವಿಂಟಲ್ ಲೆಕ್ಕದಾಗ ಕೋಷ್ಟಕ ಮಾಡಿ ಅಕ್ಷರದಾಗೇ ಬರೀರಿ. ದಿನಕ್ಕೊಂದು ಪುಟ ಬ್ಯಾಡ. "ಕಲಬುರಗಿ ಗಂಜ್ ತೊಗರಿ ಧಾರಣೆ" ಅಂತ ಒಂದೇ ವಿಳಾಸ ಇಟ್ಟು ಮುಂಜಾನಿ ಮುಂಜಾನಿ ಅದನ್ನೇ ತಿದ್ರಿ, ತಿಂಗಳು ಮುಗಿದ ಮ್ಯಾಲ ಆ ತಿಂಗಳದ್ದು ಒಂದು ಪುಟ. ಒಂದು ಚಿತ್ರ, ಒಂದು ದಿನಾಂಕ ಇರೋ 61 ಪುಟಕ್ಕಿಂತ 30 ಸಾಲಿನ ಕೋಷ್ಟಕ ಇರೋ ಎರಡು ಪುಟ ಎಷ್ಟೋ ಮೇಲು. ರೈತರಿಗೂ ಹಿಂದಿನ ವಾರದ್ದು ಕೂಡ ಒಂದೇ ಕಡೆ ಸಿಗ್ತದ.

ಸೇಡಂರಸ್ತೆ (ಕಲಬುರಗಿ)

ಇಬ್ಬರಿಗೂ ಭಾಳ ಉಪಕಾರ ಆಯ್ತು. ನೋಡಿದೆ. ಲೇಖನದ ಸಾಲು ನೋಟ್‌ಪ್ಯಾಡಿಗೆ ಹಾಕಿದ್ರ ಪೂರಾ ಕಲಸುಮೇಲೋಗರ. 74ರ ಪಟ್ಟಿನೂ ನೀವು ಹೇಳಿದಂಗೇ ಅದ. ಕ್ರಾಲ್ ಸ್ಟ್ಯಾಟ್ಸ್‌ದಾಗ ಎಂಟರಾಗ ಒಂದು ಪಾಲು 429. ಹೋಸ್ಟಿಂಗ್‌ನವರಿಗೆ ಬರೆದೀನಿ. "ಇನ್ನಷ್ಟು" ಬಟನ್ ಅಂತೂ ಇತ್ತೇ ಇತ್ತು.

ಮೂರು ಮಾತು ಕೇಳ್ತೀನಿ. ನುಡಿಯಿಂದ ಯೂನಿಕೋಡ್‌ಗೆ ತರೋವಾಗ ಏನೇನು ಕೆಡ್ತದ? ಲೇಖನದ ಯುಆರ್‌ಎಲ್ ಕನ್ನಡದಾಗ ಇಡಬೇಕಾ, ಇಂಗ್ಲಿಷ್ ಅಕ್ಷರದಾಗಾ? ಊರ ಹೆಸರು ಕಲಬುರಗಿ ಅಂತ ಅಷ್ಟೇ ಬರೆದ್ರ ಸಾಕಾ, ಗುಲ್ಬರ್ಗಾ ಅಂತನೂ ಬೇಕಾ?

ಬೀದರ್‌ಕೋಟೆ (ಬೀದರ್)

ಪರಿವರ್ತನೆಗೆ ವೆಬ್ ಪುಟದಿಂದ ಕಾಪಿ ಮಾಡಬೇಡಿ, ಮೂಲ ನುಡಿ ಫೈಲ್ ತೆಗೆದುಕೊಳ್ಳಿ. ವೆಬ್‌ಗೆ ಹಾಕುವಾಗ ವರ್ಡ್‌ಪ್ರೆಸ್ ಉದ್ಧರಣ ಚಿಹ್ನೆಗಳನ್ನು ತಾನಾಗಿ ತಿರುವಿರುತ್ತದೆ. ನುಡಿಯಲ್ಲಿ ಅಂಥ ಗುರುತೂ ಒಂದು ಅಕ್ಷರದ ತುಂಡಾಗಿರಬಹುದು. ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ಆಸ್ಕಿಯಿಂದ (ಹಳೆಯ ಫಾಂಟಿನ ಪದ್ಧತಿ) ಯೂನಿಕೋಡ್‌ಗೆ ಎಂಬ ದಿಕ್ಕು ಆರಿಸಿ.

ಕೆಡುವ ಮೊದಲ ಜಾಗ ಮಧ್ಯೆ ಬಂದ ಇಂಗ್ಲಿಷ್. ನುಡಿಯಲ್ಲಿ ಇಂಗ್ಲಿಷ್ ಅಕ್ಷರಗಳೇ ಕನ್ನಡದ ತುಂಡುಗಳಾದ್ದರಿಂದ, "ಟಿಎಸ್-3ಆರ್" ಎಂದು ಇಂಗ್ಲಿಷಿನಲ್ಲಿ ಬರೆದಿದ್ದ ತಳಿಯ ಹೆಸರು, ಇಮೇಲ್ ವಿಳಾಸ, ಔಷಧದ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬೀಳುತ್ತವೆ. ಮೊದಲೇ ಅವನ್ನು ಬೇರೆ ಹಾಳೆಗೆ ತೆಗೆದಿಟ್ಟು, ಅವುಗಳ ಜಾಗಕ್ಕೆ ಗುರುತು ಹಾಕಿ, ಪರಿವರ್ತನೆ ಮುಗಿದ ಮೇಲೆ ಸೇರಿಸಿ. ಔಷಧದ ಪ್ರಮಾಣ ಇರುವ ಸಾಲುಗಳನ್ನು ಮೂಲ ಎದುರಿಗಿಟ್ಟುಕೊಂಡು ಅಂಕಿ ಅಂಕಿ ತಾಳೆ ನೋಡಿ, ರೈತರು ಅದನ್ನು ನಂಬಿ ಸಿಂಪಡಿಸುತ್ತಾರೆ.

ಎರಡನೆಯದು ಅರ್ಕಾವತ್ತು. ನುಡಿಯಲ್ಲಿ ಅದನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಟ್ಟಿರುತ್ತಾರೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು 'ರ', ಆಮೇಲೆ ಹಲಂತ, ಆಮೇಲೆ ಮುಂದಿನ ಅಕ್ಷರ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು, ಒತ್ತಕ್ಷರ ಜೊತೆಗಿದ್ದಾಗ ಕೆಲವೊಮ್ಮೆ ತಪ್ಪುತ್ತದೆ. ವರ್ಷ, ಕಾರ್ಯ, ಮಾರ್ಗ, ಕರ್ನಾಟಕ, ಈ ನಾಲ್ಕು ಶಬ್ದ ಹುಡುಕಿ ನೋಡಿದರೆ ಪರಿವರ್ತಕದ ಯೋಗ್ಯತೆ ತಿಳಿಯುತ್ತದೆ.

ಮೂರನೆಯದು ಪರಿವರ್ತನೆಯದ್ದಲ್ಲ, ಟೈಪ್ ಮಾಡುವವರ ಬೆರಳಿನದ್ದು, ಆದರೆ ಎಲ್ಲೆಲ್ಲೂ ಇದೆ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. "ಸೇಡಂ" ಮತ್ತು "ಸೇಡ೦" ನೋಡಿ. ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಅಂಕಿ. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಬೇರೆ ಶಬ್ದ. ಹುಡುಕುವವರು ಅನುಸ್ವಾರ ಹಾಕಿಯೇ ಹುಡುಕುತ್ತಾರೆ. ಎಡಿಟರ್‌ನಲ್ಲಿ ಆ ಸೊನ್ನೆಯನ್ನು ಹುಡುಕಿ, ನಿಜವಾಗಿ ಅಂಕಿಯಾಗಿ ಬಳಸದ ಕಡೆಯೆಲ್ಲ ಬದಲಿಸಿ.

ದೀರ್ಘಕ್ಕೂ ಇಂಥದ್ದೇ ತೊಡಕು. "ಬೇಳೆ"ಯ 'ಬೇ'ಯನ್ನು 'ಬ'ದ ಮುಂದೆ ಒಂದೇ ಏತ್ವದೀರ್ಘದ ಗುರುತಿಟ್ಟೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎರಡನ್ನು ಬಿಡಿಯಾಗಿಟ್ಟೂ ಬರೆಯಬಹುದು. ತೆರೆಯ ಮೇಲೆ ವ್ಯತ್ಯಾಸವೇ ಇಲ್ಲ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ದೊಡ್ಡ ಸರ್ಚ್ ಎಂಜಿನ್‌ಗಳು ಇದನ್ನು ಸಂಭಾಳಿಸಬಹುದು, ನಿಮ್ಮ ಸೈಟಿನ ಒಳಗಿನ ಹುಡುಕು ಪೆಟ್ಟಿಗೆ ಸಂಭಾಳಿಸಲಿಕ್ಕಿಲ್ಲ. ಎಲ್ಲ ಪಠ್ಯವನ್ನೂ ಒಮ್ಮೆ ಎನ್‌ಎಫ್‌ಸಿ ಮಾಡಿಬಿಡಿ.

ಎಲ್ಲ ಮುಗಿದ ಮೇಲೆ ಥೀಮ್‌ನ ಸಿಎಸ್‌ಎಸ್‌ನಿಂದ (ಪುಟದ ಅಂದ ಹೇಳುವ ಫೈಲ್) ನುಡಿ ಫಾಂಟಿನ ಹೆಸರು ತೆಗೆಯಿರಿ. ನುಡಿಯಲ್ಲಿ ಮಾಡಿದ ಪಿಡಿಎಫ್ ಕರಪತ್ರ ಹಾಕಿದ್ದರೆ ಅದಕ್ಕೂ ಇದೇ ರೋಗ. ಅದರ ಪಠ್ಯವನ್ನು ಪುಟದಲ್ಲಿ ಹಾಕಿ, ಪಿಡಿಎಫ್ ಕೆಳಗಿರಲಿ.

ಯುಆರ್‌ಎಲ್ ಕನ್ನಡದಲ್ಲಿದ್ದರೂ ಗೂಗಲ್‌ಗೆ ತೊಂದರೆಯಿಲ್ಲ. ತೊಂದರೆ ವರ್ಡ್‌ಪ್ರೆಸ್‌ನಲ್ಲಿದೆ. ಕನ್ನಡದ ಒಂದು ಗುರುತಿಗೆ ಯುಟಿಎಫ್-8ರಲ್ಲಿ (ಯೂನಿಕೋಡ್ ಬರೆದಿಡುವ ರೀತಿ) 3 ಬೈಟ್. ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟಿಗೂ ಒಂದು ಪರ್ಸೆಂಟ್ ಚಿಹ್ನೆ ಮತ್ತು ಎರಡು ಗುರುತು, ಒಟ್ಟು 9. ಕಾಗುಣಿತದ ಗುರುತು, ಹಲಂತ ಎಲ್ಲ ಬೇರೆ ಬೇರೆ ಎಣಿಕೆ. "ಕನ್ನಡ" ಎಂಬ ಮೂರಕ್ಷರದಲ್ಲಿ 5 ಗುರುತು, ವಿಳಾಸದಲ್ಲಿ 45 ಜಾಗ. ವಿಳಾಸದಲ್ಲಿ ಲೇಖನದ ಹೆಸರು ಬರುವ ತುಂಡಿಗೆ ವರ್ಡ್‌ಪ್ರೆಸ್ ಇಟ್ಟಿರುವುದು 200 ಜಾಗ, ಅಂದರೆ ಸುಮಾರು 22 ಗುರುತು. "ಕಲಬುರಗಿ-ತೊಗರಿ-ಬೇಳೆ" 146 ಆಗುತ್ತದೆ, ಹಿಡಿಯುತ್ತದೆ. "ತೊಗರಿ ಬೆಳೆಯಲ್ಲಿ ಕಾಯಿಕೊರಕದ ನಿರ್ವಹಣೆ" ಎಂದು ಇಟ್ಟರೆ ನಡುವೆ ಕತ್ತರಿಸಿ ಹೋಗುತ್ತದೆ. ಒಂದೇ ರೀತಿ ಶುರುವಾಗುವ ಎರಡು ಲೇಖನ ಒಂದೇ ವಿಳಾಸಕ್ಕೆ ಬಂದು, ಎರಡನೆಯದಕ್ಕೆ ಬಾಲದಲ್ಲಿ 2 ಅಂಟಿಕೊಳ್ಳುತ್ತದೆ. ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಶಬ್ದದ ವಿಳಾಸ ಇಡುವುದು ನನ್ನ ಸಲಹೆ. ವಾಟ್ಸ್ಯಾಪ್‌ನಲ್ಲಿ ಕಳಿಸಿದರೂ ಅಂದವಾಗಿರುತ್ತದೆ. ಆದರೆ ಈಗ ಚೆನ್ನಾಗಿಯೇ ಇರುವ ವಿಳಾಸಗಳನ್ನು ಈ ಕಾರಣಕ್ಕೆ ಬದಲಿಸಬೇಡಿ. ಬದಲಿಸಿದರೆ ಹಳೆಯದರಿಂದ ಹೊಸದಕ್ಕೆ 301 (ಶಾಶ್ವತವಾಗಿ ತಿರುಗಿಸುವ ಸೂಚನೆ) ಹಾಕಿ, ಕನಿಷ್ಠ ಒಂದು ವರ್ಷ ತೆಗೆಯಬೇಡಿ.

ಆಳಂದನಾಕಾ (ಕಲಬುರಗಿ)

ಹೆಸರಿನ ಪ್ರಶ್ನೆಗೆ ನಾನು ಹೇಳುತ್ತೇನೆ, ಇದು ರ‍್ಯಾಂಕ್‌ಗೆ ಸೇರಿದ್ದು.

ಎರಡೂ ಬೇಕು. ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ರಂದು ಬದಲಾಯಿತು, ಆದರೆ 2019ರಲ್ಲಿ ನಮ್ಮ ಬೇಳೆಗೆ ಭೌಗೋಳಿಕ ಸೂಚಕ ಸಿಕ್ಕಿದ್ದು "ಗುಲ್ಬರ್ಗಾ ತೂರ್ ದಾಲ್" ಎಂಬ ಹೆಸರಿನಲ್ಲಿ. ಹೈದರಾಬಾದ್, ಸೊಲ್ಲಾಪುರದ ವ್ಯಾಪಾರಿಗಳ ಬಾಯಲ್ಲಿ ಇಂದಿಗೂ ಗುಲ್ಬರ್ಗಾ. ಎರಡು ಹೆಸರಿಗೆ ಎರಡು ಪುಟ ಮಾಡಬೇಡಿ, ಅದು ಮತ್ತೆ ಡೋರ್‌ವೇ ಆಗುತ್ತದೆ. ಮುಖ್ಯ ಪುಟದ ಮೊದಲ ಪ್ಯಾರಾದಲ್ಲಿ ಭೌಗೋಳಿಕ ಸೂಚಕದ ಸಂಗತಿ ಬರೆದರೆ ಗುಲ್ಬರ್ಗಾ ಎಂಬುದು ಸಹಜವಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಬೇರೆ ಇಂಗ್ಲಿಷ್ ಪುಟ ಮಾಡಿ, ಕನ್ನಡ ಪುಟಕ್ಕೂ ಅದಕ್ಕೂ ಎಚ್‌ರೆಫ್‌ಲ್ಯಾಂಗ್ (ಇದೇ ಪುಟ ಬೇರೆ ಭಾಷೆಯಲ್ಲಿ ಎಲ್ಲಿದೆ ಎಂದು ಹೇಳುವ ಟ್ಯಾಗ್) ಹಾಕಿ. ಎರಡೂ ಕಡೆಯಿಂದ ಒಂದನ್ನೊಂದು ತೋರಿಸಬೇಕು. ಒಂದೇ ಕಡೆ ಹಾಕಿದರೆ ಗೂಗಲ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೆಟಾ ಕೀವರ್ಡ್ಸ್ ಪೆಟ್ಟಿಗೆಯಲ್ಲಿ ಹತ್ತು ಹೆಸರು ತುಂಬುವ ಚಾಳಿ ಬಿಡಿ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ತೂಗುವ ರೀತಿ ಸ್ವಲ್ಪ ತಿಳಿದಿರಲಿ. ಎಲ್ಲ ಪುಟಗಳಲ್ಲೂ ಇರುವ "ಮತ್ತು", "ಉತ್ತಮ" ಎಂಬಂಥ ಶಬ್ದಕ್ಕೆ ತೂಕ ಕಡಿಮೆ, ಕೆಲವೇ ಪುಟಗಳಲ್ಲಿರುವ ಶಬ್ದಕ್ಕೆ ಹೆಚ್ಚು. ಒಂದೇ ಶಬ್ದವನ್ನು ಇಪ್ಪತ್ತು ಸಲ ಬರೆದರೆ ಇಪ್ಪತ್ತು ಪಟ್ಟು ತೂಕ ಬರುವುದಿಲ್ಲ, ನಾಲ್ಕೈದು ಸಲದ ನಂತರ ಹೆಚ್ಚಳ ನಿಲ್ಲುತ್ತಾ ಬರುತ್ತದೆ. ಲಿಂಕಿನ ಲೆಕ್ಕ 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್, ಸರ್ಗೆ ಬ್ರಿನ್ ಅವರ ಪೇಜ್‌ರ‍್ಯಾಂಕ್‌ನಿಂದ ಬಂದದ್ದು: ಎಷ್ಟು ಲಿಂಕ್ ಎಂಬುದಕ್ಕಿಂತ ಎಂಥವರಿಂದ ಬಂದ ಲಿಂಕ್ ಎಂಬುದು ಮುಖ್ಯ. ತನಗೇ ಯಾರ ಲಿಂಕೂ ಇಲ್ಲದ ಪುಟ ಕೊಟ್ಟ ಲಿಂಕಿಗೆ ಕೊಡಲು ಹೆಚ್ಚೇನೂ ಇರುವುದಿಲ್ಲ. ಆ 500 ಲಿಂಕುಗಳು ಅಂಥವೇ ಇರಬೇಕು.

ಬರೀ "ತೊಗರಿ ಬೇಳೆ" ಎಂಬುದಕ್ಕೆ ದೊಡ್ಡ ಮಾರಾಟ ತಾಣಗಳ ಜೊತೆ ಗುದ್ದಾಡಬೇಕಾಗುತ್ತದೆ, ಅದರ ಹಿಂದೆ ಬೀಳಬೇಡಿ. ನಿಮ್ಮ ಬಳಿ ಇದ್ದು ಅವರ ಬಳಿ ಇಲ್ಲದ್ದನ್ನು ಬರೆಯಿರಿ. ಬೇಳೆ ಟಿಎಸ್-3ಆರ್‌ದೋ ಜಿಆರ್‌ಜಿ-811ದೋ, ಪಾಲಿಶ್ ಆಗಿದೆಯೋ ಇಲ್ಲವೋ, ಎಣ್ಣೆ ಸವರಿದ್ದೋ ಅಲ್ಲವೋ, ಯಾವ ಹಂಗಾಮಿನದು, ಕುಕ್ಕರಿನಲ್ಲಿ ಎಷ್ಟು ಸೀಟಿಗೆ ಬೇಯುತ್ತದೆ, 30 ಕೆಜಿ ಚೀಲ ಎಲ್ಲಿಗೆ ಎಷ್ಟು ದಿನಕ್ಕೆ ತಲುಪುತ್ತದೆ. ಈಗ ಎಲ್ಲ 9 ಉತ್ಪನ್ನಗಳ ಶೀರ್ಷಿಕೆಯಲ್ಲೂ ಕಂಪನಿ ಹೆಸರು ಮೊದಲಿದ್ದರೆ ತಿರುಗಿಸಿ, ವಸ್ತುವಿನ ಹೆಸರು ಮೊದಲು ಬರಲಿ.

ಊರಿನೊಳಗಿನ ಗಿರಾಕಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಮ್ಯಾಪ್‌ನಲ್ಲಿ ಮೇಲೆ ಬರುವುದು ಮೂರರ ಮೇಲೆ ನಿಂತಿದೆ: ಕೇಳಿದ್ದಕ್ಕೆ ಹೊಂದುತ್ತದೆಯೇ, ಕೇಳಿದವರಿಂದ ಎಷ್ಟು ದೂರ, ಎಷ್ಟು ಹೆಸರಾದದ್ದು. ಅಂಗಡಿ ಹೆಸರು, ವಿಳಾಸ, ಫೋನ್ ಸೈಟಿನಲ್ಲಿರುವಂತೆಯೇ ಅಕ್ಷರಶಃ ಇರಲಿ.

ವೇಗದ ಬಗ್ಗೆ ಒಂದೇ ಮಾತು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು. ಮೊಬೈಲಿನಲ್ಲಿ ಪರೀಕ್ಷಿಸಿ, ಯಾಕೆಂದರೆ ಗೂಗಲ್ ಇಂಡೆಕ್ಸ್ ಮಾಡುವುದು ಮೊಬೈಲ್ ರೂಪವನ್ನೇ. ಮೊಬೈಲ್ ಥೀಮ್‌ನಲ್ಲಿ ಕೋಷ್ಟಕವನ್ನು ತೆಗೆದುಹಾಕಿದ್ದರೆ ಆ ಕೋಷ್ಟಕ ಗೂಗಲ್ ಪಾಲಿಗೆ ಇಲ್ಲ.

ಸೇಡಂರಸ್ತೆ (ಕಲಬುರಗಿ)

ಎಲ್ಲಾ ಬರೆದಿಟ್ಕೊಂಡೀನಿ ಅಣ್ಣಾರ. ಹೋಸ್ಟಿಂಗ್‌ನವರು ಗೂಗಲ್‌ಬಾಟ್ ಅಂತ ಹೆಸರು ಹೇಳಿಕೊಂಡು ಬಂದವರಿಗೆಲ್ಲಾ ಬಿಡ್ತೀವಿ ಅಂದ್ರು. ಸರಿ ಏನು? ತಿದ್ದಿದ ಮ್ಯಾಲ ಎಷ್ಟು ದಿನಕ್ಕ ಗೊತ್ತಾಗ್ತದ?

ಭೀಮಾತೀರ (ಯಾದಗಿರಿ)

ಹೆಸರು ಹೇಳಿದವರಿಗೆಲ್ಲಾ ಬಿಡೋದು ಬ್ಯಾಡ, ಆ ಹೆಸರು ಯಾರು ಬೇಕಾದ್ರೂ ಹಾಕ್ಕೋಬಹುದು. ಬಂದ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕೋದು) ಮಾಡಲಿಕ್ಕೆ ಹೇಳ್ರಿ, ಹೆಸರಿನ ಕೊನಿಗೆ ಗೂಗಲ್‌ಬಾಟ್ ಡಾಟ್ ಕಾಮ್ ಇಲ್ಲಾ ಗೂಗಲ್ ಡಾಟ್ ಕಾಮ್ ಇರಬೇಕು. ಆ ಹೆಸರಿನಿಂದ ತಿರುಗಿ ನೋಡಿದ್ರ ಅದೇ ಐಪಿ ಬರಬೇಕು. ಗೂಗಲ್ ತನ್ನ ಐಪಿ ಪಟ್ಟಿನೂ ಹೊರಗ ಇಟ್ಟದ, ಅದನ್ನ ಫೈರ್‌ವಾಲ್‌ಗೆ ಹಾಕಿದ್ರೂ ನಡೀತದ.

ದಿನದ ಲೆಕ್ಕ: ಕ್ರಾಲ್ ಆಗಲಿಕ್ಕೆ ಕೆಲವು ದಿನದಿಂದ ಕೆಲವು ವಾರ ಹಿಡೀತದ. "ರಿಕ್ವೆಸ್ಟ್ ಇಂಡೆಕ್ಸಿಂಗ್" ಒತ್ತಬಹುದು, ಆದ್ರ ದಿನಕ್ಕ ಮಿತಿ ಅದ, ಒಂದೇ ಪುಟಕ್ಕ ಹತ್ತು ಸಲ ಒತ್ತಿದ್ರ ಬೇಗ ಆಗಲ್ಲ. ಮುಖಪುಟ, ಬೇಳೆದ ಪುಟ, ಧಾರಣೆ ಪುಟ, ಇವಕ್ಕ ಒತ್ತಿ, ಉಳಿದದ್ದು ಸೈಟ್‌ಮ್ಯಾಪ್‌ಗೆ ಬಿಡ್ರಿ. ಸೈಟ್‌ಮ್ಯಾಪ್‌ನಾಗ "ಲಾಸ್ಟ್‌ಮಾಡ್" ದಿನಾಂಕ ಖರೇ ತಿದ್ದಿದ ದಿನದ್ದೇ ಇರಲಿ. ಎಲ್ಲಾ ಪುಟಕ್ಕೂ ದಿನಾ ಇವತ್ತಿನ ದಿನಾಂಕ ಬೀಳ್ತಿದ್ರ ಗೂಗಲ್ ಅದನ್ನ ನಂಬೋದು ಬಿಡ್ತದ. ಸೈಟ್‌ಮ್ಯಾಪ್‌ನಾಗಿನ ಪ್ರಯಾರಿಟಿ (ಮಹತ್ವ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗ್ತದ) ಎರಡೂ ಅದು ನೋಡಂಗೇ ಇಲ್ಲ.

31 ಲೇಖನ ಒಮ್ಮೆಲೇ ಮಾಡಬ್ಯಾಡ್ರಿ. ಮೊದಲು ಐದು ಮಾಡಿ ಇನ್‌ಸ್ಪೆಕ್ಷನ್‌ದಾಗ ಬಾಟ್ ಕಂಡ ಎಚ್‌ಟಿಎಂಎಲ್ ತೆಗೆದು, ಅದರಾಗ "ತೊಗರಿ" ಅಂತ ಕನ್ನಡದಾಗ ಹುಡುಕ್ರಿ. ಸಿಕ್ಕಿತು ಅಂದ್ರ ಉಳಿದ 26ಕ್ಕ ಕೈ ಹಚ್ರಿ.